98 ಪಂದ್ಯ, 537 ಗೋಲು: ಜಾನ್ ಕೋಲ್‌ಮನ್ ಎಂಬ ಪ್ರಕರಣ

ಈ ಕಥೆ ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರ ಕೋಲ್‌ಮನ್‌ನಿಂದ ಶುರುವಾಗುವುದಿಲ್ಲ. ಅವನು ಆಡದೇ ಇದ್ದ ಒಂದು ಪಂದ್ಯದಿಂದ ಶುರುವಾಗುತ್ತದೆ.

1948ರ ಅಕ್ಟೋಬರ್ 2. ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್‌ನಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್‌ನ ಗ್ರಾಂಡ್ ಫೈನಲ್. ಒಂದು ಕಡೆ ಎಸೆಂಡನ್, ಇನ್ನೊಂದು ಕಡೆ ಮೆಲ್ಬರ್ನ್. ಎಸೆಂಡನ್ ಅವತ್ತು 34 ಸಲ ಸ್ಕೋರ್ ಮಾಡಿತು, ಮೆಲ್ಬರ್ನ್ ಬರೀ 19 ಸಲ. ಆಟ ಮುಗಿದಾಗ ಬೋರ್ಡಿನ ಮೇಲೆ ಎರಡೂ ತಂಡಕ್ಕೆ 69 ಅಂಕ. ಲೀಗ್‌ನ ಚರಿತ್ರೆಯಲ್ಲೇ ಮೊದಲ ಸಲ ಗ್ರಾಂಡ್ ಫೈನಲ್ ಡ್ರಾ ಆಯಿತು.

ಇದು ಹೇಗೆ ಅಂತ ಅರ್ಥವಾಗಬೇಕಾದರೆ ಆಟದ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ, ಅಂದರೆ ಅಲ್ಲಿನವರು 'ಫುಟ್ಟಿ' ಅನ್ನುವ ಆಟದಲ್ಲಿ, ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಅದರ ಪಕ್ಕದ ಸಂದಿಯಲ್ಲಿ ಹೋದರೆ 'ಬಿಹೈಂಡ್', 1 ಅಂಕ. ಗುರಿ ತಪ್ಪಿದ್ದಕ್ಕೆ ಕೊಡುವ ಸಮಾಧಾನದ ಬಹುಮಾನ ಅಂತಿಟ್ಟುಕೊಳ್ಳಿ. ಎಸೆಂಡನ್ ಅವತ್ತು ಹೊಡೆದದ್ದು 7 ಗೋಲು, 27 ಬಿಹೈಂಡ್. ಮೆಲ್ಬರ್ನ್ ಹೊಡೆದದ್ದು 10 ಗೋಲು, 9 ಬಿಹೈಂಡ್. ಕೈಗೆ ಬಂದ ತುತ್ತನ್ನು 27 ಸಲ ಬಾಯಿಯ ಪಕ್ಕಕ್ಕೆ ಇಟ್ಟುಕೊಂಡ ಹಾಗೆ! ಮುಂದಿನ ವಾರ ಪಂದ್ಯವನ್ನು ಮತ್ತೆ ಆಡಿಸಿದರು. ಮೆಲ್ಬರ್ನ್ 39 ಅಂಕಗಳಿಂದ ಗೆದ್ದಿತು.

ಎಸೆಂಡನ್ ಕೆಟ್ಟ ತಂಡವಾಗಿರಲಿಲ್ಲ. ನಾಯಕನೂ ಅವನೇ ಕೋಚೂ ಅವನೇ ಆಗಿದ್ದ ಡಿಕ್ ರೆನಾಲ್ಡ್ಸ್ ಮೂರು ಸಲ ಬ್ರೌನ್‌ಲೋ ಮೆಡಲ್ ಗೆದ್ದವನು. ಅದು ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಪದಕ. ನಡುಮೈದಾನದಲ್ಲಿ ಬಿಲ್ ಹಚಿಸನ್ ಇದ್ದ. ಚೆಂಡು ಮುಂದಕ್ಕೆ ಹೋಗುತ್ತಿತ್ತು. ಆದರೆ ಗೋಲಿನ ಎದುರು ಅದನ್ನು ಹಿಡಿದು ಒಳಗೆ ಹಾಕುವವನು ಇರಲಿಲ್ಲ. ಯಂತ್ರವೆಲ್ಲ ಸರಿ ಇದ್ದು ಒಂದು ಮೊಳೆ ಇಲ್ಲದೆ ನಿಂತುಬಿಟ್ಟ ಹಾಗೆ.

ತಮಾಷೆ ಏನೆಂದರೆ ಆ ಮೊಳೆ ಎಸೆಂಡನ್‌ನವರ ಕಣ್ಣೆದುರೇ ಇತ್ತು. ಹೇಸ್ಟಿಂಗ್ಸ್ ಅನ್ನೋ ಕರಾವಳಿಯ ಸಣ್ಣ ಊರಿನ ಹುಡುಗನೊಬ್ಬನನ್ನು ಅವರು ಸೀಸನ್ ಶುರುವಾಗುವ ಮೊದಲಿನ ಅಭ್ಯಾಸದಲ್ಲಿ ನೋಡಿದ್ದರು. ನೋಡಿ, ಇನ್ನೂ ಹಣ್ಣಾಗಿಲ್ಲ ಅಂತ ಊರಿಗೆ ವಾಪಸ್ ಕಳಿಸಿದ್ದರು. ಆ ಹುಡುಗ ಊರಿನ ತಂಡಕ್ಕೆ ಒಂದು ಸೀಸನ್‌ನಲ್ಲಿ ನೂರಕ್ಕೂ ಜಾಸ್ತಿ ಗೋಲು ಹೊಡೆಯುತ್ತಿದ್ದ.

ಹುಡುಗ

ಜಾನ್ ಡಗ್ಲಸ್ ಕೋಲ್‌ಮನ್ ಹುಟ್ಟಿದ್ದು 1928ರ ನವೆಂಬರ್ 23ರಂದು, ವಿಕ್ಟೋರಿಯಾ ರಾಜ್ಯದ ಪಶ್ಚಿಮ ಕರಾವಳಿಯ ಪೋರ್ಟ್ ಫೇರಿಯಲ್ಲಿ. ಬೆಳೆದು ಆಟ ಕಲಿತದ್ದು ಮೆಲ್ಬರ್ನ್‌ನಲ್ಲಿ ಮತ್ತು ಹೇಸ್ಟಿಂಗ್ಸ್‌ನಲ್ಲಿ. ಎತ್ತರ ಆರಡಿ ಒಂದಿಂಚು. ಫುಲ್ ಫಾರ್ವರ್ಡ್‌ಗೆ, ಅಂದರೆ ಎದುರಾಳಿಯ ಗೋಲಿನ ಮುಂದೆ ನಿಲ್ಲುವವನಿಗೆ, ಇದೇನು ದೈತ್ಯ ಎತ್ತರವಲ್ಲ. ಮೈಕಟ್ಟೂ ಸಪೂರ. ಆ ಜಾಗದಲ್ಲಿ ಆಗ ನಿಲ್ಲುತ್ತಿದ್ದವರು ಸಾಮಾನ್ಯವಾಗಿ ಎಮ್ಮೆಯಂಥ ಗಟ್ಟಿಗರು. ಇವನು ಬೇರೆ ಜಾತಿಯ ಪ್ರಾಣಿ.

ಇವನ ಬಂಡವಾಳ ನೆಗೆತ. ಫುಟ್ಟಿಯಲ್ಲಿ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಅದನ್ನು 'ಮಾರ್ಕ್' ಅನ್ನುತ್ತಾರೆ. ಮಾರ್ಕ್ ಹಿಡಿದವನಿಗೆ ನಿಂತು, ಉಸಿರು ತೆಗೆದುಕೊಂಡು, ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕು ಸಿಗುತ್ತದೆ. ಹಾಗಾಗಿ ಗೋಲಿನ ಹತ್ತಿರ ಆಕಾಶದಲ್ಲಿ ಯಾರು ಗೆಲ್ಲುತ್ತಾರೋ ಅವರು ಅರ್ಧ ಗೋಲು ಹೊಡೆದಂತೆ. ಕೋಲ್‌ಮನ್ ದೂರದಿಂದ ಓಡಿಬಂದು, ಎದುರಾಳಿಯ ಬೆನ್ನು ಭುಜಗಳ ಮೇಲೆ ಮೊಣಕಾಲು ಊರಿ, ಎಲ್ಲರ ತಲೆಯ ಮೇಲೆ ಏಳುತ್ತಿದ್ದ. ಹಾಗೆ ಇನ್ನೊಬ್ಬನನ್ನು ಏಣಿ ಮಾಡಿಕೊಳ್ಳುವುದು ಈ ಆಟದಲ್ಲಿ ತಪ್ಪಲ್ಲ. ತಪ್ಪಲ್ಲ ಅಷ್ಟೇ ಅಲ್ಲ, ಜನ ದುಡ್ಡು ಕೊಟ್ಟು ಬರುವುದೇ ಅದನ್ನು ನೋಡಲು.

1949ರ ಏಪ್ರಿಲ್ 16, ಶನಿವಾರ. ಸೀಸನ್‌ನ ಮೊದಲ ಸುತ್ತು. ಎಸೆಂಡನ್‌ನ ತವರು ಮೈದಾನ ವಿಂಡಿ ಹಿಲ್‌ನಲ್ಲಿ ಹಾಥಾರ್ನ್ ವಿರುದ್ಧ ಪಂದ್ಯ. 20 ವರ್ಷದ ಕೋಲ್‌ಮನ್‌ಗೆ 10ನೇ ನಂಬರಿನ ಅಂಗಿ. ಲೀಗ್‌ನಲ್ಲಿ ಅವನ ಮೊದಲ ಒದೆತವೇ ಗೋಲು. ಸಂಜೆ ಹೊತ್ತಿಗೆ 12 ಗೋಲು.

ಹನ್ನೆರಡು! ಒಬ್ಬ ಒಳ್ಳೆಯ ಫುಲ್ ಫಾರ್ವರ್ಡ್ ಒಂದು ಪಂದ್ಯದಲ್ಲಿ ನಾಲ್ಕೈದು ಗೋಲು ಹೊಡೆದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾನೆ. ಮೊದಲ ಪಂದ್ಯದಲ್ಲೇ 12 ಗೋಲು ಹೊಡೆದವನು ಇವತ್ತಿಗೂ ಇನ್ನೊಬ್ಬನಿಲ್ಲ.

ಆ ಸೀಸನ್ ಹೇಗೆ ಮುಗಿಯಿತು ಅನ್ನೋದೂ ಒಂದು ಕಥೆಯೇ. ಎಸೆಂಡನ್ ಲೀಗ್ ಹಂತದಲ್ಲಿ ನಾಲ್ಕನೇ ಸ್ಥಾನ. ಫೈನಲ್ಸ್‌ಗೆ, ಅಂದರೆ ಲೀಗ್ ಹಂತದ ನಂತರದ ಸುತ್ತಿಗೆ, ಆಗ ಹೋಗುತ್ತಿದ್ದದ್ದೇ ನಾಲ್ಕು ತಂಡ, ಇವರು ಕಟ್ಟಕಡೆಯವರು. ಅಲ್ಲಿಂದ ಒಂದೊಂದೇ ಗೆದ್ದುಕೊಂಡು ಗ್ರಾಂಡ್ ಫೈನಲ್‌ಗೆ ಬಂದರು. ಎದುರಾಳಿ ಕಾರ್ಲ್ಟನ್. ಆ ಹೊತ್ತಿಗೆ ಕೋಲ್‌ಮನ್‌ನ ಖಾತೆಯಲ್ಲಿ 94 ಗೋಲು. ಪಂದ್ಯ ಬೇಗನೇ ಒಂದು ಕಡೆ ವಾಲಿತು. ಕೊನೆಗೆ ಎಸೆಂಡನ್ ಗೆದ್ದದ್ದು 73 ಅಂಕಗಳ ಅಂತರದಿಂದ. ಹಾಗಾಗಿ ಕೊನೆಯ ಕ್ವಾರ್ಟರ್‌ನಲ್ಲಿ ಜನರಿಗೆ ಕುತೂಹಲ ಉಳಿದಿದ್ದು ಒಂದೇ ವಿಷಯದಲ್ಲಿ. ನೂರು ಆಗುತ್ತಾ? ಆಟ ಮುಗಿಯಲು ಇನ್ನೇನು ಕೆಲವೇ ನಿಮಿಷ ಇದ್ದಾಗ ಆರನೇ ಗೋಲು ಹೋಯಿತು. ಸೀಸನ್‌ಗೆ ಸರಿಯಾಗಿ 100. ಲೀಗ್‌ಗೆ ಬಂದ ಮೊದಲ ವರ್ಷವೇ ನೂರು ಗೋಲು ಹೊಡೆದ ಇನ್ನೊಬ್ಬನಿಲ್ಲ.

ಆ ಪಂದ್ಯ ನಡೆದದ್ದು ಎಂಸಿಜಿಯಲ್ಲಿ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್‌ನಲ್ಲಿ. ನಮ್ಮ ಬಿ.ಎಸ್. ಚಂದ್ರಶೇಖರ್ 1977–78ರ ಟೆಸ್ಟ್‌ನಲ್ಲಿ ಎರಡೂ ಇನಿಂಗ್ಸ್‌ನಲ್ಲಿ 52 ರನ್‌ಗೆ 6 ವಿಕೆಟ್ ತೆಗೆದ ಅದೇ ಮೈದಾನ. ನಮಗೆ ಅದು ಬಾಕ್ಸಿಂಗ್ ಡೇ ಟೆಸ್ಟ್‌ನ ಜಾಗ. ಮೆಲ್ಬರ್ನ್‌ನವರಿಗೆ ಬೇಸಿಗೆಯಲ್ಲಿ ಮಾತ್ರ ಕ್ರಿಕೆಟ್ ಮೈದಾನ. ಚಳಿಗಾಲ ಬಂತೆಂದರೆ ಅದು ಫುಟ್ಟಿಯ ದೇವಸ್ಥಾನ. ಅದರ ಹೊರಗೆ ನಿಲ್ಲಿಸಿರುವ ಕಂಚಿನ ಪ್ರತಿಮೆಗಳಲ್ಲಿ ಕೋಲ್‌ಮನ್‌ನದೂ ಒಂದಿದೆ. ಕ್ರಿಕೆಟ್ ನೋಡಲು ಹೋದ ಕನ್ನಡಿಗರು ಅದರ ಪಕ್ಕದಲ್ಲೇ ಹಾದು ಹೋಗಿರುತ್ತಾರೆ, ಯಾರು ಅಂತ ಗೊತ್ತಿಲ್ಲದೆ.

ತುದಿ ಬದಲಿಸುವ ಜನ

1950 ಇನ್ನೂ ಜೋರು. 120 ಗೋಲು. ಎಸೆಂಡನ್ ಲೀಗ್ ಹಂತದಲ್ಲಿ ಒಂದೇ ಒಂದು ಪಂದ್ಯ ಸೋತಿತು. ಗ್ರಾಂಡ್ ಫೈನಲ್‌ನಲ್ಲಿ ನಾರ್ತ್ ಮೆಲ್ಬರ್ನ್ ವಿರುದ್ಧ 38 ಅಂಕಗಳ ಗೆಲುವು. ಎರಡು ವರ್ಷ, ಎರಡು ಫ್ಲ್ಯಾಗ್. ಚಾಂಪಿಯನ್‌ಶಿಪ್‌ಗೆ ಅಲ್ಲಿ 'ಫ್ಲ್ಯಾಗ್' ಅಂತಲೇ ಹೇಳುವುದು, ಗೆದ್ದವರಿಗೆ ಬಾವುಟ ಸಿಗುತ್ತದೆ.

ಆ ಕಾಲದ ಬಗ್ಗೆ ಹಳಬರು ಹೇಳುವ ಒಂದು ಮಾತು ನನಗೆ ಇಷ್ಟ. ಫುಟ್ಟಿಯಲ್ಲಿ ನಾಲ್ಕು ಕ್ವಾರ್ಟರ್. ಪ್ರತಿ ಕ್ವಾರ್ಟರ್‌ಗೂ ತಂಡಗಳು ತುದಿ ಬದಲಿಸುತ್ತವೆ. ಎಸೆಂಡನ್ ಆಡುವಾಗ ಪ್ರೇಕ್ಷಕರೂ ತುದಿ ಬದಲಿಸುತ್ತಿದ್ದರಂತೆ. ಕ್ವಾರ್ಟರ್ ಮುಗಿದ ಗಂಟೆ ಹೊಡೆಯಿತೋ ಇಲ್ಲವೋ, ಗೋಲಿನ ಹಿಂದೆ ನಿಂತ ಜನ ಬುತ್ತಿ ಕಟ್ಟಿಕೊಂಡು ಮೈದಾನದ ಇನ್ನೊಂದು ಕಡೆಗೆ. ಯಾಕೆಂದರೆ ಕೋಲ್‌ಮನ್ ಈಗ ಅಲ್ಲಿರುತ್ತಾನೆ. ಮೇಳದ ಹಿಂದೆ ಊರೂರು ಅಲೆಯುವ ಯಕ್ಷಗಾನದ ಹುಚ್ಚರನ್ನು ಬಲ್ಲವರಿಗೆ ಇದು ಆಶ್ಚರ್ಯ ಅನಿಸಲಿಕ್ಕಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಇದನ್ನೆಲ್ಲ ನಾವು ನೋಡಲು ಸಾಧ್ಯವೇ ಇಲ್ಲ. ಮೆಲ್ಬರ್ನ್‌ಗೆ ಟೆಲಿವಿಷನ್ ಬಂದದ್ದು 1956ರ ನವೆಂಬರ್‌ನಲ್ಲಿ, ಒಲಿಂಪಿಕ್ಸ್‌ಗೆ ಸ್ವಲ್ಪ ಮೊದಲು. ಅಷ್ಟರಲ್ಲಿ ಕೋಲ್‌ಮನ್‌ನ ಆಟ ಮುಗಿದಿತ್ತು. ಉಳಿದಿರುವುದು ನ್ಯೂಸ್‌ರೀಲ್‌ನ ತುಣುಕುಗಳು, ಪತ್ರಿಕೆಯ ಫೋಟೋಗಳು, ಸ್ಕೋರ್ ಪುಸ್ತಕ. ಫೋಟೋದಲ್ಲಿ ಅವನು ಯಾವಾಗಲೂ ಗಾಳಿಯಲ್ಲೇ ಇರುತ್ತಾನೆ. ಕೆಳಗೆ ಬಿದ್ದದ್ದು, ಮಾರ್ಕ್ ಕೈ ಜಾರಿದ್ದು, ಸುಲಭದ ಗೋಲು ತಪ್ಪಿದ್ದು ಯಾವುದೂ ಇಲ್ಲ. ಹಾಗಾಗಿ ಅವನ ಬಗ್ಗೆ ಮಾತಾಡುವಾಗ ನಾವೆಲ್ಲ ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತೇವೆ ಅನ್ನುವ ಅನುಮಾನ ಇಟ್ಟುಕೊಂಡಿರುವುದು ಒಳ್ಳೆಯದು. ಆದರೆ ಸ್ಕೋರ್ ಪುಸ್ತಕ ಉತ್ಪ್ರೇಕ್ಷೆ ಮಾಡುವುದಿಲ್ಲವಲ್ಲ.

ಮಂಗಳವಾರ ರಾತ್ರಿ

ಕೋಲ್‌ಮನ್ ಅಂದರೆ ಎಲ್ಲರೂ ಅವನ ಆಟ ಮುಗಿಸಿದ ಮೊಣಕಾಲಿನ ಕಥೆ ಹೇಳುತ್ತಾರೆ. ನನ್ನ ಪ್ರಕಾರ ಈ ಪ್ರಕರಣದ ಹೃದಯ ಅಲ್ಲಿಲ್ಲ. ಅದು 1951ರ ಸೆಪ್ಟೆಂಬರ್‌ನ ಮೊದಲ ವಾರದಲ್ಲಿದೆ.

ಸೆಪ್ಟೆಂಬರ್ 1, ಶನಿವಾರ. ಲೀಗ್ ಹಂತದ ಕೊನೆಯ ಪಂದ್ಯ, ಕಾರ್ಲ್ಟನ್‌ನ ಮೈದಾನ ಪ್ರಿನ್ಸಸ್ ಪಾರ್ಕ್‌ನಲ್ಲಿ. ಎಸೆಂಡನ್‌ಗೆ ಫೈನಲ್ಸ್‌ನಲ್ಲಿ ಜಾಗ ಇತ್ತು. ಮೂರನೇ ಫ್ಲ್ಯಾಗ್ ಕೈಗೆಟುಕುವ ದೂರದಲ್ಲಿತ್ತು. ಕೋಲ್‌ಮನ್‌ನನ್ನು ಕಾಯಲು ಕಾರ್ಲ್ಟನ್ ನಿಲ್ಲಿಸಿದ್ದು ಹ್ಯಾರಿ ಕ್ಯಾಸ್ಪರ್‌ನನ್ನು.

ಕೋಲ್‌ಮನ್‌ನನ್ನು ಕಾಯುವುದು ಅಂದರೆ ಆ ಕಾಲದಲ್ಲಿ ಏನು ಅರ್ಥ? ಆಕಾಶದಲ್ಲಿ ಅವನ ಜೊತೆ ಸ್ಪರ್ಧಿಸಲು ಆಗುವುದಿಲ್ಲ. ಹಾಗಾದರೆ ನೆಗೆಯಲೇ ಬಿಡಬಾರದು. ಅಂಗಿ ಎಳೆಯುವುದು, ಮೊಣಕೈ ಚುಚ್ಚುವುದು, ಕಾಲು ತುಳಿಯುವುದು, ಚೆಂಡು ದೂರ ಇದ್ದಾಗ ಅಂಪೈರ್ ಕಣ್ಣು ತಪ್ಪಿಸಿ ಒಂದು ಕೊಡುವುದು. ಅವತ್ತು ಮೈದಾನದ ನಡುವೆ ತೀರ್ಪು ಕೊಡಲು ಇರುತ್ತಿದ್ದವನು ಒಬ್ಬನೇ ಫೀಲ್ಡ್ ಅಂಪೈರ್. ಅವನು ಚೆಂಡಿನ ಹಿಂದೆ ಓಡಬೇಕು. ಗೋಲಿನ ಬಾಯಲ್ಲಿ ಏನು ನಡೆಯುತ್ತದೋ ದೇವರಿಗೇ ಗೊತ್ತು. ಮೂರು ಸೀಸನ್‌ನಿಂದ ವಾರ ವಾರ ಇದನ್ನೇ ತಿಂದುಕೊಂಡು ಬಂದ ಹುಡುಗ ಅವತ್ತು ತಿರುಗಿ ಕೈ ಎತ್ತಿದ. ಶುರು ಮಾಡಿದ್ದು ಕ್ಯಾಸ್ಪರ್, ಕೋಲ್‌ಮನ್ ಮಾಡಿದ್ದು ಪ್ರತ್ಯುತ್ತರ ಅಂತಲೇ ಈ ಕಥೆಯನ್ನು ಹೇಳುತ್ತಾ ಬಂದಿದ್ದಾರೆ. ಅಂಪೈರ್‌ಗಳು ಇಬ್ಬರನ್ನೂ ರಿಪೋರ್ಟ್ ಮಾಡಿದರು.

ಈ ಆಟದಲ್ಲಿ ಆಗ ಕೆಂಪು ಕಾರ್ಡ್ ಇಲ್ಲ, ಹೊರಗೆ ಕಳಿಸುವುದಿಲ್ಲ. ರಿಪೋರ್ಟ್ ಆದವನು ಪಂದ್ಯ ಪೂರ್ತಿ ಆಡುತ್ತಾನೆ. ಆಮೇಲೆ ವಾರದ ನಡುವೆ ಲೀಗ್‌ನ ಟ್ರಿಬ್ಯೂನಲ್ ಮುಂದೆ ನಿಲ್ಲಬೇಕು. ಮಂಗಳವಾರ, ಸೆಪ್ಟೆಂಬರ್ 4. ಲೀಗ್‌ನ ಕಚೇರಿ ಹ್ಯಾರಿಸನ್ ಹೌಸ್. ಹೊರಗೆ ಜನ ಕಾಯುತ್ತಾ ನಿಂತಿದ್ದರು. ಕೆಣಕಿದ್ದಕ್ಕೆ ತಿರುಗಿ ಹೊಡೆದ ಅನ್ನುವುದು ಲೆಕ್ಕಕ್ಕೆ ಬರುತ್ತದೆ, ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಅಂತ ಎಸೆಂಡನ್‌ನವರ ನಂಬಿಕೆ.

ಬಿಡಲಿಲ್ಲ. ಇಬ್ಬರಿಗೂ ನಾಲ್ಕು ನಾಲ್ಕು ಪಂದ್ಯದ ನಿಷೇಧ. ಕಾಗದದ ಮೇಲೆ ನೋಡಿದರೆ ಸಮ ಶಿಕ್ಷೆ. ಆದರೆ ಕಾರ್ಲ್ಟನ್ ಫೈನಲ್ಸ್‌ಗೆ ಬಂದಿರಲಿಲ್ಲ. ಕ್ಯಾಸ್ಪರ್ ಆ ವರ್ಷ ಕಳೆದುಕೊಂಡದ್ದು ಏನೂ ಇಲ್ಲ. ಕೋಲ್‌ಮನ್ ಕಳೆದುಕೊಂಡದ್ದು ಇಡೀ ಫೈನಲ್ಸ್. ಅವನು ಅಳುತ್ತಾ ಹೊರಗೆ ಬಂದ. 22 ವರ್ಷದ ಹುಡುಗ, ನೂರು ಗೋಲಿನ ಸರದಾರ, ಊರೆಲ್ಲ ನೋಡುತ್ತಿರುವಾಗ ಮಗುವಿನ ಹಾಗೆ ಅತ್ತ.

ಮುಂದೆ ಆದದ್ದು ಇನ್ನೂ ಸಂಕಟ. ಎಸೆಂಡನ್ ಅವನಿಲ್ಲದೆಯೇ ಒದ್ದಾಡಿಕೊಂಡು ಎರಡು ಫೈನಲ್ ಗೆದ್ದು ಗ್ರಾಂಡ್ ಫೈನಲ್ ತಲುಪಿತು. ಎದುರಿಗೆ ಜೀಲಾಂಗ್. 36 ವರ್ಷದ ಡಿಕ್ ರೆನಾಲ್ಡ್ಸ್ ಆಟ ಬಿಟ್ಟು ಬರೀ ಕೋಚ್ ಆಗಿದ್ದವನು, ಮೀಸಲು ಆಟಗಾರನಾಗಿ ಮತ್ತೆ ಬೂಟು ಕಟ್ಟಿದ. ಜೀಲಾಂಗ್ 81, ಎಸೆಂಡನ್ 70. ಹನ್ನೊಂದು ಅಂಕ.

ಹನ್ನೊಂದು ಅಂದರೆ ಎರಡು ಗೋಲಿಗೂ ಒಂದು ಅಂಕ ಕಡಿಮೆ. ಕೋಲ್‌ಮನ್‌ನ ಸರಾಸರಿ ಪಂದ್ಯಕ್ಕೆ ಐದೂವರೆ ಗೋಲು. ಲೆಕ್ಕ ಹಾಕಲು ದೊಡ್ಡ ಪಂಡಿತ ಬೇಕಿಲ್ಲ. ಅವನಿದ್ದರೆ ಗೆಲ್ಲುತ್ತಿದ್ದರು ಅಂತ ಎಸೆಂಡನ್‌ನ ಹಿರಿಯರು ಇವತ್ತಿಗೂ ಹಲ್ಲು ಕಡಿಯುತ್ತಾರೆ. ಜೀಲಾಂಗ್‌ನವರು ಮಾತ್ರ, ಆ ವರ್ಷ ಲೀಗ್‌ನಲ್ಲಿ ಮೊದಲ ಸ್ಥಾನ ನಮ್ಮದೇ ಇತ್ತು, ಬಾಯಿ ಮುಚ್ಚಿ ಅನ್ನುತ್ತಾರೆ. ಅದೂ ನ್ಯಾಯವೇ.

ನನಗೆ ಕಾಡುವ ಪ್ರಶ್ನೆ ಗೆಲುವು ಸೋಲಿನದಲ್ಲ. ಮೊಣಕಾಲು ಕೈಕೊಟ್ಟದ್ದು ಯಾರ ತಪ್ಪೂ ಅಲ್ಲ, ದೇಹಕ್ಕೆ ಆದದ್ದು. ಇದು ಹಾಗಲ್ಲ. ಇದು ಮನುಷ್ಯರು ಕೂತು ಮಾಡಿದ ತೀರ್ಮಾನ. ತಾರೆಯನ್ನು ಬಿಟ್ಟುಬಿಟ್ಟರೆ ನಾಳೆ ಎಲ್ಲರೂ ಕೈ ಎತ್ತುತ್ತಾರೆ ಅನ್ನುವುದು ಒಂದು ವಾದ. ಆ ವಾದ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದೇ ತೀರ್ಪು ಇನ್ನೊಂದನ್ನೂ ಹೇಳಿತು: ದೊಡ್ಡ ಆಟಗಾರನನ್ನು ಕೆಣಕಿ, ಅವನು ತಿರುಗಿ ಹೊಡೆಯುವವರೆಗೂ ಬಿಡಬೇಡಿ, ನಿಮಗೆ ನಷ್ಟವಿಲ್ಲ. ಕೆಣಕುವವನ ಲೆಕ್ಕದಲ್ಲಿ ಇದಕ್ಕಿಂತ ಲಾಭದ ವ್ಯಾಪಾರ ಇಲ್ಲ ಅಲ್ವಾ?

1951ರಲ್ಲಿ ಅವನ ಗೋಲು 75ಕ್ಕೆ ನಿಂತಿತು. ಆಡಿದ ಪೂರ್ತಿ ಸೀಸನ್‌ಗಳಲ್ಲಿ ಲೀಗ್‌ನ ಅತಿ ಹೆಚ್ಚು ಗೋಲಿನ ಪಟ್ಟ ತಪ್ಪಿದ್ದು ಅದೊಂದೇ ವರ್ಷ.

ಉಳಿದ ಎರಡೂವರೆ ವರ್ಷ

1952ರಲ್ಲಿ 103, 1953ರಲ್ಲಿ 97. ಎರಡೂ ವರ್ಷ ಲೀಗ್‌ನಲ್ಲಿ ಅವನೇ ಮೊದಲಿಗ. ಎಸೆಂಡನ್ ಮಾತ್ರ ಮೊದಲಿನ ತಂಡವಾಗಿರಲಿಲ್ಲ. ಯುದ್ಧದ ನಂತರದ ಆ ಗಟ್ಟಿ ಪಡೆಯ ಹಿರಿಯರು ಒಬ್ಬೊಬ್ಬರಾಗಿ ಹೋಗಿದ್ದರು. ಚೆಂಡು ಮುಂದೆ ಬರುವುದು ಕಡಿಮೆಯಾದರೂ ಬಂದ ಚೆಂಡನ್ನು ಇವನು ಬಿಡುತ್ತಿರಲಿಲ್ಲ.

1952ರ ಜೂನ್‌ನ ಒಂದು ಪಂದ್ಯ ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಲೀಗ್‌ನವರು ಆಟವನ್ನು ಬೇರೆ ರಾಜ್ಯಗಳಿಗೆ ಪರಿಚಯಿಸಲು ಒಂದು ಸುತ್ತಿನ ಪಂದ್ಯಗಳನ್ನು ಹೊರಗೆ ಆಡಿಸಿದರು. ಎಸೆಂಡನ್ ಮತ್ತು ಜೀಲಾಂಗ್‌ಗೆ ಸಿಕ್ಕಿದ್ದು ಬ್ರಿಸ್ಬೇನ್. ಅದು ರಗ್ಬಿಯ ಊರು, ಫುಟ್ಟಿ ಅಂದರೆ ಅಷ್ಟಕ್ಕಷ್ಟೇ. ಶನಿವಾರ ಮಳೆ ಸುರಿದು ಪಂದ್ಯ ಮುಂದಕ್ಕೆ ಹೋಯಿತು. ಸೋಮವಾರ ರಾತ್ರಿ ಎಕ್ಸಿಬಿಷನ್ ಗ್ರೌಂಡ್‌ನಲ್ಲಿ ದೀಪದ ಬೆಳಕಿನಲ್ಲಿ ಆಡಿದರು. ಕೋಲ್‌ಮನ್ 13 ಗೋಲು. ಹಿಂದಿನ ವರ್ಷ ಗ್ರಾಂಡ್ ಫೈನಲ್ ಕಸಿದುಕೊಂಡ ಅದೇ ಜೀಲಾಂಗ್ ವಿರುದ್ಧ. ಸುಮ್ನೆ ಕಾಕತಾಳೀಯ ಇರಬಹುದು. ನನಗಂತೂ ಹಾಗೆ ನಂಬಲು ಮನಸ್ಸಿಲ್ಲ.

1954ರ ಸೀಸನ್ ಬಂತು. ಏಳನೇ ಸುತ್ತಿನಲ್ಲಿ ಫಿಟ್ಜ್‌ರಾಯ್ ವಿರುದ್ಧ ವಿಂಡಿ ಹಿಲ್‌ನಲ್ಲಿ 14 ಗೋಲು. ಅವನ ಜೀವನದ ಅತಿ ದೊಡ್ಡ ಮೊತ್ತ. ವಯಸ್ಸು 25. ಫಾರ್ವರ್ಡ್ ಒಬ್ಬನಿಗೆ ಬುದ್ಧಿ ಮತ್ತು ಕಾಲು ಎರಡೂ ಒಟ್ಟಿಗೆ ಸಿಗುವ ವಯಸ್ಸು ಅದು.

ಮುಂದಿನ ಶನಿವಾರ, ಜೂನ್ 5. ಅದೇ ವಿಂಡಿ ಹಿಲ್. ಎದುರಾಳಿ ನಾರ್ತ್ ಮೆಲ್ಬರ್ನ್. ಐದು ಗೋಲು ಹೊಡೆದಿದ್ದ. ಇನ್ನೊಂದು ಸಲ ಮೇಲೆ ನೆಗೆದ, ಕೆಳಗೆ ಬಂದ, ಕಾಲು ಸರಿಯಾಗಿ ಕೂರಲಿಲ್ಲ. ಮೊಣಕಾಲಿನ ಕೀಲು ತಪ್ಪಿತು.

ಅಷ್ಟೇ.

ಇವತ್ತು ಮೊಣಕಾಲಿನ ಅಸ್ಥಿರಜ್ಜು ಹರಿದ ಆಟಗಾರ ಒಂದು ಆಪರೇಷನ್ ಮಾಡಿಸಿಕೊಂಡು ಒಂದು ವರ್ಷದ ಹೊತ್ತಿಗೆ ಮತ್ತೆ ಓಡುತ್ತಾನೆ. 1954ರಲ್ಲಿ ಸಣ್ಣ ತೂತಿನಲ್ಲಿ ಕ್ಯಾಮೆರಾ ತೂರಿಸಿ ಕೀಲನ್ನು ಸರಿಮಾಡುವ ವಿದ್ಯೆ ಇರಲಿಲ್ಲ. ಮೊಣಕಾಲನ್ನು ತೆರೆದು, ಹಾಳಾದದ್ದನ್ನು ತೆಗೆದು, ಮುಚ್ಚುವುದು. ಕೋಲ್‌ಮನ್‌ಗೂ ಆಪರೇಷನ್‌ಗಳಾದವು. 1955 ಪೂರ್ತಿ ಆಡಲಿಲ್ಲ. 1956ರ ಸೀಸನ್ ಮುಂಚೆ ಮತ್ತೆ ಪ್ರಯತ್ನಪಟ್ಟ. ಕಾಲು ಒಪ್ಪಲಿಲ್ಲ. ಆಟ ಬಿಟ್ಟ.

ಒಟ್ಟು 98 ಪಂದ್ಯ, 537 ಗೋಲು. ನೂರನೇ ಪಂದ್ಯಕ್ಕೆ ಎರಡು ಬಾಕಿ.

'ಇದ್ದಿದ್ದರೆ' ಲೆಕ್ಕ

ಇಲ್ಲಿಗೆ ಬಂದವರೆಲ್ಲ ಒಂದು ಲೆಕ್ಕ ಹಾಕುತ್ತಾರೆ. ನಾನೂ ಹಾಕಿದ್ದೇನೆ. 30ರ ವಯಸ್ಸಿನವರೆಗೆ ಆಡಿದ್ದರೆ ಇನ್ನೂ ಐದು ಸೀಸನ್. ಸೀಸನ್‌ಗೆ 18 ಪಂದ್ಯ, ಪಂದ್ಯಕ್ಕೆ ಐದು ಗೋಲು. ಸುಮಾರು 450 ಸೇರಿ ಸಾವಿರದ ಹತ್ತಿರ. ಕಾಲಿಂಗ್‌ವುಡ್‌ನ ಗೋರ್ಡನ್ ಕವೆಂಟ್ರಿ 306 ಪಂದ್ಯಗಳಲ್ಲಿ 1299 ಹೊಡೆದಿದ್ದ. ಬಹಳ ಕಾಲದ ಮೇಲೆ ಟೋನಿ ಲಾಕೆಟ್ 281 ಪಂದ್ಯಗಳಲ್ಲಿ 1360 ಹೊಡೆದು ಅದನ್ನು ದಾಟಿದ. ಕೋಲ್‌ಮನ್ ಆ ಸಾಲಿಗೆ ಬರುತ್ತಿದ್ದ.

ಲೆಕ್ಕ ಸಿಹಿಯಾಗಿದೆ, ಆದರೆ ಪೊಳ್ಳು. ವಯಸ್ಸಾದ ಮೇಲೆ ನೆಗೆತ ಮೊದಲು ಹೋಗುತ್ತದೆ, ಇವನ ಬಂಡವಾಳವೇ ನೆಗೆತ. ತಂಡ ಇಳಿಮುಖವಾಗಿತ್ತು. ಸರಾಸರಿ 5.48ರಲ್ಲೇ ನಿಂತದ್ದಕ್ಕೆ ಒಂದು ಕಾರಣ, ಅದು ಕೆಳಗಿಳಿಯುವ ವರ್ಷಗಳನ್ನು ಅವನು ಆಡಲೇ ಇಲ್ಲ. ಸರಾಸರಿಯಲ್ಲಿ ಅವನಿಗಿಂತ ಮೇಲಿರುವ ದೊಡ್ಡ ಹೆಸರು ಹಾಥಾರ್ನ್‌ನ ಪೀಟರ್ ಹಡ್ಸನ್, 129 ಪಂದ್ಯಗಳಲ್ಲಿ 727. ಅವನನ್ನೂ ಮೊಣಕಾಲೇ ಅರ್ಧದಲ್ಲಿ ಕಾಡಿತು ಅನ್ನೋದು ಗಮನಿಸಿ.

ಇನ್ನೊಂದು ವಿಷಯ. ಕೋಲ್‌ಮನ್‌ನ ಗೋಲುಗಳನ್ನು ಇವತ್ತಿನವರ ಪಕ್ಕದಲ್ಲಿ ಇಟ್ಟು ತೂಗುವುದೂ ಕಷ್ಟ. ಅವನ ಕಾಲದಲ್ಲಿ ಆಟಗಾರರು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಿದ್ದರು. ಗೋಲಿನ ಎದುರು ಒಬ್ಬ ಫುಲ್ ಫಾರ್ವರ್ಡ್, ಅವನ ಬೆನ್ನಿಗೆ ಒಬ್ಬ ಫುಲ್ ಬ್ಯಾಕ್, ಸುತ್ತ ಖಾಲಿ ಜಾಗ. ಒಂದು ರೀತಿಯಲ್ಲಿ ಕುಸ್ತಿ. ಈಗ ಇಡೀ ತಂಡವೇ ಹಿಂದೆ ಓಡಿ ಬಂದು ಗೋಲಿನ ಮುಂದೆ ಜಾತ್ರೆ ಸೇರುತ್ತದೆ. 2008ರಲ್ಲಿ ಲ್ಯಾನ್ಸ್ ಫ್ರಾಂಕ್ಲಿನ್ ನೂರು ದಾಟಿದ ಮೇಲೆ ಅದನ್ನು ಮತ್ತೆ ಮಾಡಿದವರಿಲ್ಲ. ಕೋಲ್‌ಮನ್ ಆರು ವರ್ಷದಲ್ಲಿ ಮೂರು ಸಲ ಮಾಡಿದ. ಇದರಿಂದ ಅವನು ದೊಡ್ಡವನೋ ಆಟ ಸುಲಭವಿತ್ತೋ ಅಂತ ಕೇಳಿದರೆ, ಅವನ ಜೊತೆಗೇ ಆಡಿದ ಬೇರೆ ಫುಲ್ ಫಾರ್ವರ್ಡ್‌ಗಳಿಗೂ ಅದೇ ಖಾಲಿ ಜಾಗ ಇತ್ತು ಅನ್ನೋದು ನನ್ನ ಉತ್ತರ. ಇವನು ನಾಲ್ಕು ವರ್ಷ ಅವರೆಲ್ಲರಿಗಿಂತ ಮುಂದಿದ್ದ.

ಹಾಗಾಗಿ ಆಡದ ಪಂದ್ಯಗಳ ಬದಲು ಆಡಿದ 98ನ್ನೇ ನೋಡುವುದು ಮೇಲು. ಅದರಲ್ಲಿ ಬೇಕಾದಷ್ಟಿದೆ.

ಹೋಟೆಲ್, ಮತ್ತೆ ಮೈದಾನ

25ಕ್ಕೆ ಆಟ ಮುಗಿದವನು ಮುಂದೇನು ಮಾಡುತ್ತಾನೆ? ಆಗ ಫುಟ್ಟಿಯಿಂದ ಯಾರೂ ಶ್ರೀಮಂತರಾಗುತ್ತಿರಲಿಲ್ಲ. ಆಟಗಾರನಿಗೆ ಪಂದ್ಯಕ್ಕೆ ಇಷ್ಟೇ ಕೊಡಬೇಕು ಅಂತ ಲೀಗ್ 1930ರಲ್ಲೇ 'ಕೌಲ್ಟರ್ ಕಾನೂನು' ಎಂಬ ನಿಯಮ ತಂದಿತ್ತು. ತಾರೆಗೂ ಅದೇ, ಬೆಂಚಿನವನಿಗೂ ಅದೇ. ಸಾವಿರಾರು ಜನರನ್ನು ಗೇಟಿಗೆ ಎಳೆದು ತರುತ್ತಿದ್ದವನಿಗೆ ಸಿಕ್ಕಿದ್ದು ಕೆಲವೇ ಪೌಂಡು. ಹೊಟ್ಟೆಪಾಡಿಗೆ ಬೇರೆ ಕೆಲಸ ಎಲ್ಲರಿಗೂ ಇರಲೇಬೇಕಿತ್ತು. ಕೋಲ್‌ಮನ್ ಹಿಡಿದದ್ದು ಹೋಟೆಲ್ ವ್ಯಾಪಾರ. ಅಲ್ಲಿ ಹೋಟೆಲ್ ಅಂದರೆ ಇಡ್ಲಿ ಸಾಂಬಾರಲ್ಲ, ಪಬ್. ಹೆಸರು ಮಾಡಿದ ಆಟಗಾರರಿಗೆ ಇದು ಹಳೆಯ ದಾರಿ. ಜನ ಬಿಯರ್‌ಗಿಂತ ಜಾಸ್ತಿ ಮಾತಿಗೆ ಬರುತ್ತಾರೆ.

1960ರ ಕೊನೆಗೆ ರೆನಾಲ್ಡ್ಸ್ ಕೋಚ್ ಹುದ್ದೆಯಿಂದ ಇಳಿದ. 1961ರಿಂದ ಎಸೆಂಡನ್‌ಗೆ ಕೋಲ್‌ಮನ್ ಕೋಚ್. ದೊಡ್ಡ ಆಟಗಾರ ಒಳ್ಳೆಯ ಕೋಚ್ ಆಗುವುದು ಅಪರೂಪ. ತನಗೆ ತಾನಾಗಿ ಬಂದದ್ದನ್ನು ಬೇರೆಯವರಿಗೆ ಹೇಳಿಕೊಡಲು ಬರುವುದಿಲ್ಲ. ಇವನಿಗೆ ಬಂತು. ಎರಡನೇ ವರ್ಷವೇ, 1962ರಲ್ಲಿ, ಕಾರ್ಲ್ಟನ್ ವಿರುದ್ಧ 32 ಅಂಕಗಳಿಂದ ಗೆದ್ದು ಫ್ಲ್ಯಾಗ್. 1965ರಲ್ಲಿ ಇನ್ನೊಂದು, ಸೇಂಟ್ ಕಿಲ್ಡಾ ವಿರುದ್ಧ 35 ಅಂಕಗಳಿಂದ. ಆ ಎರಡನೆಯದು ಬಂದ ದಾರಿ ನೋಡಿ. ಲೀಗ್ ಹಂತದಲ್ಲಿ ಎಸೆಂಡನ್ ನಾಲ್ಕನೇ ಸ್ಥಾನ. ಕಟ್ಟಕಡೆಯಿಂದ ಒಂದೊಂದೇ ಗೆದ್ದುಕೊಂಡು ಬಂದದ್ದು. 1949ರಲ್ಲಿ 20ರ ಹುಡುಗನಾಗಿ ನಡೆದ ಅದೇ ದಾರಿಯಲ್ಲಿ 36ರ ಕೋಚ್ ಆಗಿ ಇನ್ನೊಂದು ತಲೆಮಾರನ್ನು ಕರೆದುಕೊಂಡು ಹೋದ.

ಆರೋಗ್ಯ ಕೈಕೊಡುತ್ತಾ ಬಂತು. 1967ರ ಕೊನೆಗೆ ಕೋಚಿಂಗ್ ಬಿಟ್ಟ. ಆಮೇಲೆ ಮಾರ್ನಿಂಗ್ಟನ್ ಪೆನಿನ್ಸುಲಾದ ಡ್ರೊಮಾನಾದಲ್ಲಿ ಹೋಟೆಲ್ ನಡೆಸುತ್ತಿದ್ದ. ಆಟ ಕಲಿತ ಹೇಸ್ಟಿಂಗ್ಸ್ ಅಲ್ಲಿಂದ ಹೆಚ್ಚು ದೂರವಿಲ್ಲ. 1973ರ ಏಪ್ರಿಲ್ 5ರಂದು ಅಲ್ಲೇ ಹೃದಯದ ಕಾಯಿಲೆಯಿಂದ ತೀರಿಕೊಂಡ. ವಯಸ್ಸು 44.

ಪದಕಗಳು, ಗೌರವಗಳು ಆಮೇಲೆ ಸಾಲಾಗಿ ಬಂದವು. 1996ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಹಾಲ್ ಆಫ್ ಫೇಮ್ ಶುರುವಾದಾಗ ಮೊದಲ 'ಲೆಜೆಂಡ್'ಗಳಲ್ಲಿ ಒಬ್ಬ. ಅದೇ ವರ್ಷ ಆರಿಸಿದ ಶತಮಾನದ ತಂಡದಲ್ಲಿ ಫುಲ್ ಫಾರ್ವರ್ಡ್ ಜಾಗ ಅವನಿಗೇ. ಬರೀ 98 ಪಂದ್ಯ ಆಡಿದವನಿಗೆ, 1299 ಹೊಡೆದ ಕವೆಂಟ್ರಿಯನ್ನು ಬಿಟ್ಟು! ಆರಿಸಿದವರಲ್ಲಿ ಎಷ್ಟು ಜನ ಹುಡುಗರಾಗಿದ್ದಾಗ ವಿಂಡಿ ಹಿಲ್‌ನಲ್ಲಿ ಕ್ವಾರ್ಟರ್‌ಗೊಮ್ಮೆ ತುದಿ ಬದಲಿಸಿ ಓಡಿದ್ದರೋ.

1981ರಿಂದ ಲೀಗ್ ಹಂತದಲ್ಲಿ ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಪದಕಕ್ಕೆ ಕೋಲ್‌ಮನ್ ಮೆಡಲ್ ಅಂತ ಹೆಸರು. ಆಮೇಲೆ ಹಳಬರಿಗೂ ಅದನ್ನು ಹಿಂದಿನಿಂದ ಅನ್ವಯಿಸಿ ಕೊಡೋಣ ಅಂತ ತೀರ್ಮಾನಿಸಿದರು. ಎಲ್ಲಿಂದ ಎಣಿಸುವುದು? 1955ರಿಂದ ಅಂತಾಯಿತು. ಅದಕ್ಕಿಂತ ಹಿಂದಿನವರಿಗೆ ಹೆಸರಿಲ್ಲದ, ಬರೀ 'ಲೀಡಿಂಗ್ ಗೋಲ್‌ಕಿಕರ್' ಪದಕ. ಹಾಗಾಗಿ ನಾಲ್ಕು ಸಲ ಲೀಗ್‌ನಲ್ಲಿ ಮೊದಲಿಗನಾದ ಜಾನ್ ಕೋಲ್‌ಮನ್ ಹತ್ತಿರ ಒಂದೂ ಕೋಲ್‌ಮನ್ ಮೆಡಲ್ ಇಲ್ಲ.